ಗಾಲ್ಫ್ ಕಾರ್ಟ್ ಬ್ಯಾಟರಿ ಹೆಚ್ಚು ವರ್ಷ ಬಾಳಿಸುವ ಕ್ರಮ ಮತ್ತು ಕಿಲೋಮೀಟರ್ ಖರ್ಚಿನ ಲೆಕ್ಕ: ಸಮಗ್ರ ಮಾರ್ಗದರ್ಶಿ

ಅಪಾರ್ಟ್‌ಮೆಂಟ್, ರೆಸಾರ್ಟ್, ಆಸ್ಪತ್ರೆ, ಕಾಲೇಜು ಆವರಣಗಳಲ್ಲಿ ಓಡುವ ಗಾಲ್ಫ್ ಕಾರ್ಟ್, ಅಂದರೆ ಬಗ್ಗಿಗಳ ಬಗ್ಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. ಹೊಸದರಲ್ಲಿ ದಿನವಿಡೀ ಓಡುತ್ತಿದ್ದ ಗಾಡಿ ಎರಡು ವರ್ಷ ಕಳೆಯುವಷ್ಟರಲ್ಲಿ ಮಧ್ಯಾಹ್ನವೇ ನಿಲ್ಲುತ್ತದೆ. ಬ್ಯಾಟರಿ ಸೆಟ್ ಹೋಗಿದೆ, ಬದಲಾಯಿಸಿ ಎನ್ನುತ್ತಾರೆ. ಲಕ್ಷದ ಹತ್ತಿರದ ಬಿಲ್ ಬರುತ್ತದೆ. ಹೊಸ ಸೆಟ್ ಹಾಕಿದರೂ ಎರಡು ವರ್ಷಕ್ಕೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಚಾರ್ಜ್ ಮಾಡುವ, ಅಳೆಯುವ, ನೀರು ಹಾಕುವ ಕ್ರಮ ಹಿಂದುಮುಂದಾಗಿದ್ದರೆ ಎಷ್ಟು ದುಬಾರಿ ಬ್ಯಾಟರಿಯೂ ಉಳಿಯುವುದಿಲ್ಲ.

ಇಲ್ಲಿರುವುದು ಮುಖ್ಯವಾಗಿ 48 ವೋಲ್ಟಿನ, ನೀರು ಹಾಕುವ ಲೆಡ್ ಆಸಿಡ್ ಸೆಟ್ ಇರುವ ಗಾಡಿಗಳ ಕೆಲಸ. ಲಿಥಿಯಂ ವಿಷಯ ಕೊನೆಯ ಭಾಗದಲ್ಲಿದೆ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೆ ಮುಂದಿನ ಹಂತದ ಅಳತೆ ಸುಳ್ಳು ಹೇಳುತ್ತದೆ.

## ಕೈಗೆ ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಗಾಜಿನ ನಳಿಕೆಯ ಹೈಡ್ರೋಮೀಟರ್ (ಬ್ಯಾಟರಿಯ ದ್ರವದ ಸಾಂದ್ರತೆ ಅಳೆಯುವ ಸಾಧನ), ಥರ್ಮಾಮೀಟರ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಬೇಕೆಂದು ಅಳೆದು ಬಿಗಿಯುವ ಸ್ಪ್ಯಾನರ್), ತಂತಿ ಬ್ರಷ್, ಅಡುಗೆ ಸೋಡಾ, ಪೆಟ್ರೋಲಿಯಂ ಜೆಲ್ಲಿ, ಡಿಸ್ಟಿಲ್ಡ್ ವಾಟರ್, ಪ್ಲಾಸ್ಟಿಕ್ ಆಲಿಕೆ, ಕಣ್ಣಿಗೆ ಕನ್ನಡಕ, ರಬ್ಬರ್ ಕೈಗವಸು. ಇವುಗಳ ಜೊತೆಗೆ ಪ್ಲಗ್ಗಿಗೆ ಸಿಕ್ಕಿಸುವ 16 ಆಂಪಿಯರಿನ ಎನರ್ಜಿ ಮೀಟರ್ ಒಂದು ಬೇಕು. ಗಾಡಿ ಎಷ್ಟು ಯೂನಿಟ್ ಕುಡಿಯುತ್ತಿದೆ ಎಂಬುದು ಅದಿಲ್ಲದೆ ಗೊತ್ತಾಗುವುದಿಲ್ಲ.

ಸ್ಪ್ಯಾನರಿನ ಹಿಡಿಗೆ ಪೂರ್ತಿ ಇನ್ಸುಲೇಶನ್ ಟೇಪ್ ಸುತ್ತಿ. ಕೈಯ ಉಂಗುರ, ವಾಚು, ಬಳೆ, ಕೊರಳ ಸರ ತೆಗೆದಿಡಿ. ಎರಡು ಟರ್ಮಿನಲ್ ನಡುವೆ ಬರೀ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೆ ಸಾಕು, ಕಿಡಿ ತಗುಲಿದ ಕೂಡಲೇ ಸಿಡಿಯುತ್ತದೆ. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ.

## ಹಂತ 1: ಗಾಡಿಯಲ್ಲಿ ಏನಿದೆ ಎಂದು ಗುರುತಿಸಿ, ನಂಬರ್ ಬರೆಯಿರಿ

ಸೀಟು ಎತ್ತಿ ಮುಚ್ಚಳ ಎಣಿಸಿ. ಒಂದು ಮುಚ್ಚಳದ ಕೆಳಗೆ 2 ವೋಲ್ಟಿನ ಒಂದು ಸೆಲ್. ಮೂರು ಮುಚ್ಚಳ ಇದ್ದರೆ 6 ವೋಲ್ಟ್, ನಾಲ್ಕಿದ್ದರೆ 8, ಆರಿದ್ದರೆ 12. ಹಾಗಾಗಿ 48 ವೋಲ್ಟಿನ ಗಾಡಿಯಲ್ಲಿ 6 ವೋಲ್ಟಿನವು ಎಂಟು, 8 ವೋಲ್ಟಿನವು ಆರು, ಇಲ್ಲವೇ 12 ವೋಲ್ಟಿನವು ನಾಲ್ಕು ಇರುತ್ತವೆ. ಯಾವುದೇ ಇರಲಿ, ಒಟ್ಟು ಸೆಲ್ 24. ಮುಚ್ಚಳವೇ ತೆರೆಯದ ಸೀಲ್ಡ್ ಬ್ಯಾಟರಿ ಆಗಿದ್ದರೆ ಮುಂದೆ ಬರುವ ನೀರು, ಹೈಡ್ರೋಮೀಟರ್, ಈಕ್ವಲೈಸ್ (ಸೆಲ್ಲುಗಳನ್ನು ಸಮ ಮಾಡುವ ಹೆಚ್ಚುವರಿ ಚಾರ್ಜ್) ಮೂರೂ ನಿಮಗಲ್ಲ.

ಮುಖ್ಯ ಪಾಸಿಟಿವ್ ಕೇಬಲ್ ಇರುವ ಬ್ಯಾಟರಿಗೆ 1 ಎಂದು ಬರೆದು, ಕೇಬಲ್ ಹೋದ ದಾರಿಯಲ್ಲೇ ಉಳಿದವಕ್ಕೂ ಪೇಂಟ್ ಮಾರ್ಕರಿನಿಂದ ನಂಬರ್ ಹಾಕಿ. ವೈರಿಂಗ್ ಪೂರ್ತಿ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಕೇಬಲ್ ಬಿಚ್ಚಿ ಜೋಡಿಸುವಾಗ ಅದೊಂದೇ ದಿಕ್ಕು.

ಇದೇ ಹೊತ್ತಿನಲ್ಲಿ ಇನ್ನೊಂದು ವಿಷಯ ನೋಡಿ. ದೀಪ, ಹಾರನ್, ಫ್ಯಾನ್, ಮ್ಯೂಸಿಕ್ ಸಿಸ್ಟಮ್ಮಿನ ತಂತಿ ಎಲ್ಲಿಂದ ಹೊರಟಿದೆ? ಸ್ಥಳೀಯವಾಗಿ ಜೋಡಿಸಿದ ಗಾಡಿಗಳಲ್ಲಿ ಎಷ್ಟೋ ಸಲ ಒಂದೆರಡು ಬ್ಯಾಟರಿಯಿಂದ ಮಾತ್ರ ಎಳೆದಿರುತ್ತಾರೆ. ಆ ಒಂದೆರಡು ಬ್ಯಾಟರಿ ದಿನವೂ ಉಳಿದವಕ್ಕಿಂತ ಹೆಚ್ಚು ಖಾಲಿಯಾಗುತ್ತವೆ, ಚಾರ್ಜರ್ ಮಾತ್ರ ಎಲ್ಲಕ್ಕೂ ಒಂದೇ ಪ್ರಮಾಣ ತುಂಬುತ್ತದೆ. ಕೆಲವೇ ತಿಂಗಳಲ್ಲಿ ಅವು ಹಿಂದೆ ಬೀಳುತ್ತವೆ, ಇಡೀ ಸೆಟ್ಟನ್ನೂ ಎಳೆದುಕೊಂಡು ಹೋಗುತ್ತವೆ. 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ತಂತಿಯನ್ನು ಇಡೀ ಸೆಟ್ಟಿನ ಎರಡು ತುದಿಗೆ ಕೊಡಿಸಿ. ಆ ಕನ್ವರ್ಟರಿನ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ತೀರ ಕಡಿಮೆ.

ಲೇಬಲ್ ಮೇಲಿನ ಆಂಪಿಯರ್ ಅವರ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಓದುವಾಗ ಎಚ್ಚರ ಇರಲಿ. ದೊಡ್ಡದಾಗಿ ಅಚ್ಚಾಗುವ ಸಂಖ್ಯೆ ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನದು. ಉದಾಹರಣೆಗೆ ಟ್ರೋಜನ್ ಟಿ-875 ಎಂಬ 8 ವೋಲ್ಟಿನ ಬ್ಯಾಟರಿ 20 ಗಂಟೆಯ ಲೆಕ್ಕಕ್ಕೆ 170, 5 ಗಂಟೆಯ ಲೆಕ್ಕಕ್ಕೆ 145. ಬಗ್ಗಿ ಕರೆಂಟನ್ನು ಜೋರಾಗಿಯೇ ಎಳೆಯುವುದರಿಂದ ಎರಡನೆಯ ಸಂಖ್ಯೆ ಹಿಡಿದು ಲೆಕ್ಕ ಹಾಕಿ. 48ನ್ನು 145ರಿಂದ ಗುಣಿಸಿದರೆ 6,960 ವ್ಯಾಟ್ ಅವರ್, ಅಂದರೆ ಸುಮಾರು 7 ಯೂನಿಟ್. ದಿನಕ್ಕೆ ಅರ್ಧ ಮಾತ್ರ ಬಳಸಬೇಕಾದ್ದರಿಂದ ಕೈಗೆ ಸಿಗುವುದು ಮೂರೂವರೆ ಯೂನಿಟ್. ಕೊಡಗು, ಚಿಕ್ಕಮಗಳೂರು ಕಡೆಯ ರೆಸಾರ್ಟುಗಳಲ್ಲಿ ಏರು ಹತ್ತುವ ಗಾಡಿಗೆ ಅದಕ್ಕಿಂತಲೂ ಕಡಿಮೆಯೇ ಸಿಗುತ್ತದೆ, ಏಕೆಂದರೆ ಕರೆಂಟ್ ಹೆಚ್ಚು ಎಳೆದಷ್ಟೂ ಲೆಡ್ ಆಸಿಡ್ ಬ್ಯಾಟರಿ ಕೊಡುವ ಒಟ್ಟು ಶಕ್ತಿ ಕುಗ್ಗುತ್ತದೆ.

## ಹಂತ 2: ಪೂರ್ತಿ ಚಾರ್ಜ್ ಮಾಡಿ, ಕಾಯಿರಿ, ಆಮೇಲೆ ಅಳೆಯಿರಿ

ಚಾರ್ಜಿಗೆ ಹಾಕುವ ಮೊದಲು ಒಂದೊಂದೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಪ್ಲೇಟುಗಳು ಗಾಳಿಗೆ ತೆರೆದುಕೊಂಡಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಈಗ ಮೇಲಿನವರೆಗೆ ತುಂಬಬೇಡಿ. ಚಾರ್ಜ್ ಆಗುವಾಗ ದ್ರವ ಉಬ್ಬಿ ಆಸಿಡ್ ಹೊರಗೆ ಚೆಲ್ಲುತ್ತದೆ. ಹಾಗೆ ಹೋದ ಆಸಿಡ್ ಮತ್ತೆ ಬರುವುದಿಲ್ಲ, ಬ್ಯಾಟರಿಯ ಶಕ್ತಿ ಅಷ್ಟು ಕಡಿಮೆಯಾದಂತೆಯೇ.

ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ನಿಂತ ಮೇಲೆ ಕನಿಷ್ಠ 6 ಗಂಟೆ ಗಾಡಿ ಓಡಿಸದೆ, ದೀಪ ಹಾಕದೆ ಇಡಿ. ಈ ಕಾಯುವಿಕೆಯನ್ನು ಬಿಟ್ಟವರೇ ಹೆಚ್ಚು. ಚಾರ್ಜರಿನಿಂದ ಈಗಷ್ಟೇ ತೆಗೆದ ಬ್ಯಾಟರಿಯಲ್ಲಿ ಮೇಲುಮೇಲಿನ ಚಾರ್ಜ್ ಇರುತ್ತದೆ, ಸತ್ತ ಬ್ಯಾಟರಿಯೂ ಆಗ ಚೆನ್ನಾಗಿರುವಂತೆ ತೋರುತ್ತದೆ.

ಆಮೇಲೆ ಇಡೀ ಸೆಟ್ಟಿನ ವೋಲ್ಟೇಜ್ ಅಳೆಯಿರಿ:

- 50.9 ವೋಲ್ಟ್: ಪೂರ್ತಿ ತುಂಬಿದೆ
- 50.0 ವೋಲ್ಟ್: ಸುಮಾರು ಶೇ. 80
- 48.4 ವೋಲ್ಟ್: ಅರ್ಧ
- 46.6 ವೋಲ್ಟ್: ಶೇ. 20, ಇಷ್ಟಕ್ಕೆ ಇಳಿಯಲು ಯಾವತ್ತೂ ಬಿಡಬೇಡಿ

ಅನಂತರ ಒಂದೊಂದೇ ಬ್ಯಾಟರಿ. ಪೂರ್ತಿ ತುಂಬಿದ 6 ವೋಲ್ಟಿನದು 6.37, 8 ವೋಲ್ಟಿನದು 8.49, 12 ವೋಲ್ಟಿನದು 12.73ರ ಆಸುಪಾಸು ಇರಬೇಕು. ಮೀಟರ್ 48.0 ತೋರಿಸಿದ ಕೂಡಲೇ ‘48 ವೋಲ್ಟಿನ ಗಾಡಿ, 48 ಇದೆ, ಸರಿಯಿದೆ’ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಅದು ಅರ್ಧಕ್ಕಿಂತ ಕೆಳಗಿಳಿದ ಬ್ಯಾಟರಿ.

## ಹಂತ 3: ಒಂದೊಂದು ಸೆಲ್ಲಿನ ಗ್ರಾವಿಟಿ ನೋಡಿ

ಗ್ರಾವಿಟಿ ಎಂದರೆ ನೀರಿಗೆ ಹೋಲಿಸಿದರೆ ಸೆಲ್ಲಿನ ದ್ರವ ಎಷ್ಟು ಪಟ್ಟು ಭಾರ ಎಂಬ ಅಂಕಿ. ವೋಲ್ಟೇಜ್ ಇಡೀ ಬ್ಯಾಟರಿಯ ಸುದ್ದಿ ಹೇಳುತ್ತದೆ. ಯಾವ ಸೆಲ್ ಹೋಗಿದೆ ಎಂಬುದನ್ನು ಹೈಡ್ರೋಮೀಟರ್ ಮಾತ್ರ ಹೇಳುತ್ತದೆ. ಇದನ್ನು ನೀರು ತುಂಬುವ ಮೊದಲೇ ಮಾಡಬೇಕು. ಈಗಷ್ಟೇ ಹಾಕಿದ ನೀರು ಮೇಲೆಯೇ ನಿಂತಿರುತ್ತದೆ, ಗ್ರಾವಿಟಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಂತ 2ರಲ್ಲಿ ಹಾಕಿದ ಅಲ್ಪ ನೀರು ಚಾರ್ಜ್ ಆಗುವಾಗ ಬೆರೆತಿರುವುದರಿಂದ ಅದರ ಚಿಂತೆ ಬೇಡ.

ಹೈಡ್ರೋಮೀಟರಿನ ರಬ್ಬರ್ ಬುಡ್ಡೆ ಒತ್ತಿ ಎರಡು ಮೂರು ಸಲ ದ್ರವವನ್ನು ಮೇಲೆಳೆದು ಅದೇ ಸೆಲ್ಲಿಗೆ ಬಿಡಿ. ಆಮೇಲೆ ತೇಲುಗುಂಡು ನಳಿಕೆಯ ಗೋಡೆಗೆ ತಾಗದೆ, ತಳಕ್ಕೂ ಮೇಲಕ್ಕೂ ತಾಗದೆ ನಿಲ್ಲುವಷ್ಟು ಎಳೆದು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ನಳಿಕೆಯಲ್ಲಿ ಗುಳ್ಳೆ ಅಂಟಿಕೊಂಡಿದ್ದರೆ ಬೆರಳಿನಿಂದ ತಟ್ಟಿ ಬಿಡಿಸಿ. ಒಂದು ಸೆಲ್ಲಿನ ದ್ರವವನ್ನು ಇನ್ನೊಂದಕ್ಕೆ ಹಾಕಬಾರದು. ದ್ರವ ಕಂದು ಬಣ್ಣಕ್ಕೆ ತಿರುಗಿ ಕಸರು ತೇಲುತ್ತಿದ್ದರೆ ಆ ಸೆಲ್ಲಿನ ಪ್ಲೇಟ್ ಉದುರುತ್ತಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಪೂರ್ತಿ ತುಂಬಿದ ಸೆಲ್ಲಿನಲ್ಲಿ 27 ಡಿಗ್ರಿ ಸೆಲ್ಸಿಯಸ್ ಇರುವಾಗ 1.277 ಬರಬೇಕು. ಅರ್ಧ ಇದ್ದಾಗ 1.172. ಕೆಲವು ತಯಾರಕರ ಪೂರ್ತಿ ಅಂಕಿ ಇದಕ್ಕಿಂತ ತುಸು ಬೇರೆ, ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ಹಿಡಿಯಿರಿ. ದ್ರವ 27ಕ್ಕಿಂತ ಬಿಸಿ ಇದ್ದರೆ ಪ್ರತಿ ಐದೂವರೆ ಡಿಗ್ರಿಗೆ 0.004 ಕೂಡಿಸಿ, ತಣ್ಣಗಿದ್ದರೆ ಕಳೆಯಿರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 38 ಡಿಗ್ರಿಯ ದ್ರವ 1.265 ತೋರಿಸಿದರೆ ನಿಜವಾದದ್ದು 1.273. ಅದು ಒಳ್ಳೆಯ ಸೆಲ್. ಈ ತಿದ್ದುಪಡಿ ಮಾಡದೆ ಒಳ್ಳೆಯದನ್ನು ಕೆಟ್ಟಿದ್ದೆಂದು ತೀರ್ಮಾನಿಸಬೇಡಿ.

24 ಸಂಖ್ಯೆಗಳನ್ನು ಬರೆದ ಮೇಲೆ ನೋಡಬೇಕಾದದ್ದು ಅವುಗಳ ನಡುವಿನ ಅಂತರ.

- ಎಲ್ಲವೂ ಒಂದೇ ಸಮ, ಆದರೆ ಎಲ್ಲವೂ ಕಡಿಮೆ: ಚಾರ್ಜ್ ಸಾಲದು. ಮೊದಲ ಅನುಮಾನ ಚಾರ್ಜರ್ ಮೇಲೆ, ಬ್ಯಾಟರಿ ಮೇಲಲ್ಲ.
- ಅಂತರ 0.030 ದಾಟಿದೆ: ಈಕ್ವಲೈಸ್ ಮಾಡಬೇಕು, ಹಂತ 6 ನೋಡಿ.
- ಈಕ್ವಲೈಸ್ ಆದ ಮೇಲೂ ಒಂದು ಸೆಲ್ ಉಳಿದವಕ್ಕಿಂತ 0.050 ಕೆಳಗೆ: ಆ ಸೆಲ್ ಹೋಗಿದೆ.

ಇಷ್ಟಾದ ಮೇಲೆ ಗಾಡಿಯನ್ನು ಮಾಮೂಲಿ ಜನ ಕೂರಿಸಿಕೊಂಡು ಮಾಮೂಲಿ ದಾರಿಯಲ್ಲಿ ಅರ್ಧ ಗಂಟೆಗೂ ಹೆಚ್ಚು ಓಡಿಸಿ ತಂದು, ನಿಲ್ಲಿಸಿದ ಕೂಡಲೇ ಎಲ್ಲ ಬ್ಯಾಟರಿಯ ವೋಲ್ಟೇಜನ್ನು ಮತ್ತೊಮ್ಮೆ ಬರೆದುಕೊಳ್ಳಿ. ಐದು ಬ್ಯಾಟರಿ 8.2 ತೋರಿಸುತ್ತಾ ಒಂದು 7.5ಕ್ಕೆ ಕುಸಿದಿದ್ದರೆ ಗಾಡಿ ಮಧ್ಯಾಹ್ನ ನಿಲ್ಲಲು ಕಾರಣ ಆ ಒಂದೇ. ಬ್ರೇಕ್ ಒತ್ತಿಕೊಂಡು ಆಕ್ಸಲರೇಟರ್ ತುಳಿದು ಲೋಡ್ ಕೊಡುವ ಪದ್ಧತಿ ಕೆಲವೆಡೆ ಇದೆ. ತಿರುಗದೆ ನಿಂತ ಮೋಟಾರ್ ಸುಟ್ಟುಹೋಗುತ್ತದೆ, ದಯವಿಟ್ಟು ಮಾಡಬೇಡಿ.

## ಹಂತ 4: ಕೇಬಲ್, ಟರ್ಮಿನಲ್

ಗಾಡಿಯ ಸ್ವಿಚ್ಚನ್ನು ‘ಟೋ’ (ಗಾಡಿಯನ್ನು ಎಳೆದೊಯ್ಯುವಾಗ ಬಳಸುವ) ಸ್ಥಾನಕ್ಕೆ ಹಾಕಿ, ಕೀಲಿ ತೆಗೆದು, ಮೊದಲು ಮುಖ್ಯ ನೆಗೆಟಿವ್ ಕೇಬಲ್ ಬಿಚ್ಚಿ. ಕೊನೆಗೆ ಜೋಡಿಸುವುದೂ ಅದನ್ನೇ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ಹಚ್ಚಿ. ನೊರೆ ಬರುವುದು ನಿಂತ ಮೇಲೆ ನೀರಿನಿಂದ ತೊಳೆದು ಒಣಗಿಸಿ. ಸೋಡಾ ನೀರಿನ ಒಂದು ಹನಿಯೂ ಸೆಲ್ಲಿನೊಳಗೆ ಹೋಗಬಾರದು, ಆದ್ದರಿಂದ ಎಲ್ಲ ಮುಚ್ಚಳ ಬಿಗಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಮೇಲೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಮತ್ತು ಟರ್ಮಿನಲ್ ಒಂದಕ್ಕೊಂದು ಕೂರುವ ಮುಖವನ್ನು ತಂತಿ ಬ್ರಷ್ಷಿನಿಂದ ಹೊಳೆಯುವಷ್ಟು ಉಜ್ಜಿ, ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ನಟ್ ಬಿಗಿದು, ಪೆಟ್ರೋಲಿಯಂ ಜೆಲ್ಲಿಯನ್ನು ಮೇಲಿಂದ ಸವರಿ. ಜೆಲ್ಲಿ ಮೊದಲು ಹಚ್ಚಿ ಆಮೇಲೆ ಲಗ್ ಕೂರಿಸಿದರೆ ಎರಡು ಲೋಹದ ನಡುವೆ ಅದೇ ತಡೆಯಾಗುತ್ತದೆ. ಅತಿಯಾಗಿ ಬಿಗಿದರೆ ಸೀಸದ ಟರ್ಮಿನಲ್ ಬಿರಿಯುತ್ತದೆ, ಸಡಿಲ ಬಿಟ್ಟರೆ ಬಿಸಿಯಾಗಿ ಕರಗುತ್ತದೆ.

ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಊರಿನಲ್ಲಿ ತಿಂಗಳಿಗೊಮ್ಮೆ ಇದನ್ನು ನೋಡಬೇಕು. ಬಯಲುಸೀಮೆಯಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ಲಗ್ಗಿನ ಹತ್ತಿರ ಕೇಬಲ್ ಉಬ್ಬಿ ಗಟ್ಟಿಯಾಗಿದ್ದರೆ ಒಳಗಿನ ತಾಮ್ರ ಹಸಿರುಗಟ್ಟಿದೆ. ಅಂಥದನ್ನು ಉಜ್ಜಿ ಪ್ರಯೋಜನವಿಲ್ಲ, ಅದೇ ದಪ್ಪದ ಹೊಸ ಕೇಬಲ್ ಹಾಕಿ.

## ಹಂತ 5: ನೀರು

ಗ್ರಾವಿಟಿ ನೋಡಿ ಆಗಿದೆ. ಹಂತ 3ರ ಕೊನೆಗೆ ಓಡಿಸಿ ತಂದ ಗಾಡಿಯನ್ನು ಮತ್ತೆ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ನೀರು. ಮುಚ್ಚಳದ ರಂಧ್ರದಿಂದ ಕೆಳಗಿಳಿಯುವ ಪ್ಲಾಸ್ಟಿಕ್ ಕೊಳವೆಯ ತುದಿಗಿಂತ 3 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಕೊಳವೆಯೊಳಗೆ ನೀರು ಏರಿದರೆ ಹೆಚ್ಚಾಯಿತು.

ಬೋರ್‌ವೆಲ್ ನೀರು, ನಲ್ಲಿ ನೀರು, ಆರ್‌ಓ ನೀರು ಯಾವುದೂ ಬೇಡ. ಕುಡಿಯುವ ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ, ಪ್ರತಿ ಸಲ ಹಾಕಿದಾಗಲೂ ಸೆಲ್ಲಿನೊಳಗೆ ಅದು ಕೂಡುತ್ತಲೇ ಹೋಗುತ್ತದೆ. ಗ್ರಾವಿಟಿ ಕಡಿಮೆಯೆಂದು ಆಸಿಡ್ ಹಾಕುವುದು ಇನ್ನೂ ದೊಡ್ಡ ತಪ್ಪು. ಆವಿಯಾಗಿ ಹೋಗುವುದು ನೀರು ಮಾತ್ರ. ಆಸಿಡ್ ಸಲ್ಫೇಟ್ ಆಗಿ ಪ್ಲೇಟಿನ ಮೇಲೆ ಕೂತಿರುತ್ತದೆ, ಅದನ್ನು ಬಿಡಿಸುವುದು ಚಾರ್ಜ್.

ಎಷ್ಟು ನೀರು ಹಿಡಿಯಿತು ಎಂದು ಪ್ರತಿ ಸಲ ಬರೆದಿಡಿ. ಎಲ್ಲ ಸೆಲ್ ಒಟ್ಟಿಗೆ ಹೆಚ್ಚು ಕುಡಿಯತೊಡಗಿದರೆ ಚಾರ್ಜರ್ ಅತಿಯಾಗಿ ತುಂಬುತ್ತಿದೆ ಅಥವಾ ಜಾಗ ಬಿಸಿಯಿದೆ. ಒಂದೇ ಸೆಲ್ ಹೆಚ್ಚು ಕುಡಿದರೆ ಆ ಸೆಲ್ ಕೆಡುತ್ತಿದೆ. ಎರಡು ತಿಂಗಳಾದರೂ ನೀರೇ ಇಳಿದಿಲ್ಲ ಎಂದು ಸಂತೋಷ ಪಡುವವರಿದ್ದಾರೆ. ದಿನವೂ ಓಡುವ ಗಾಡಿಯಲ್ಲಿ ಹಾಗಾದರೆ ಚಾರ್ಜ್ ಪೂರ್ತಿಯಾಗುತ್ತಿಲ್ಲ ಎಂದು ತಿಳಿಯಬೇಕು.

## ಹಂತ 6: ಈಕ್ವಲೈಸ್, ಬೇಕಾದಾಗ ಮಾತ್ರ

ಪೂರ್ತಿ ಚಾರ್ಜಾದ ಸೆಟ್ಟಿಗೆ ಬೇಕೆಂದೇ ಇನ್ನಷ್ಟು ಚಾರ್ಜ್ ಕೊಟ್ಟು ಹಿಂದೆ ಬಿದ್ದ ಸೆಲ್ಲುಗಳನ್ನು ಮೇಲೆ ತರುವ ಕೆಲಸ ಇದು. ಚಾರ್ಜರಿನಲ್ಲಿ ಈಕ್ವಲೈಸ್ ಸೌಲಭ್ಯ ಇದ್ದರೆ ಮಾತ್ರ ಮಾಡಿ. ನೀರಿನ ಮಟ್ಟ ಸರಿಯಿರಲಿ, ಮುಚ್ಚಳಗಳು ಹಾಕಿರಲಿ, ಗಾಡಿ ಬಯಲಲ್ಲಿ ಅಥವಾ ಕಿಟಕಿ ಬಾಗಿಲು ತೆರೆದ ಶೆಡ್ಡಿನಲ್ಲಿ ಇರಲಿ. ಗಂಟೆಗೊಮ್ಮೆ ಅತಿ ಕಡಿಮೆ ಇದ್ದ ಸೆಲ್ಲಿನ ಗ್ರಾವಿಟಿ ನೋಡಿ. ಏರುವುದು ನಿಂತ ಕೂಡಲೇ ಚಾರ್ಜ್ ನಿಲ್ಲಿಸಿ. ದ್ರವ 50 ಡಿಗ್ರಿ ತಲುಪಿದರೂ ನಿಲ್ಲಿಸಬೇಕು. ಸೀಲ್ಡ್ ಬ್ಯಾಟರಿಗೂ ಲಿಥಿಯಂಗೂ ಇದನ್ನು ಮಾಡಿದರೆ ಅಪಾಯ.

## ಹಂತ 7: ದಿನದ ಚಾರ್ಜಿನ ಶಿಸ್ತು

ಆಯುಷ್ಯ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇಲ್ಲಿಯೇ. ಅರ್ಧ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಸಲ್ಫೇಟ್ ದಿನದಿಂದ ದಿನಕ್ಕೆ ಗಟ್ಟಿ ಹರಳಾಗುತ್ತದೆ, ಆಮೇಲೆ ಯಾವ ಚಾರ್ಜಿಗೂ ಕರಗುವುದಿಲ್ಲ. ಹಾಗಾಗಿ ಗಾಡಿ ಓಡಿದ ದಿನ, ಎರಡೇ ಸುತ್ತು ಓಡಿದ್ದರೂ, ಸಂಜೆ ಚಾರ್ಜಿಗೆ ಹಾಕಿ ಪೂರ್ತಿ ಮುಗಿಯುವವರೆಗೆ ಬಿಡಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಗಂಟೆ, ಟೀ ಹೊತ್ತಿಗೆ ಹತ್ತು ನಿಮಿಷ ಎಂದು ತುಂಡುತುಂಡಾಗಿ ಹಾಕಿ ತೆಗೆಯುವ ಅಭ್ಯಾಸ ಬಿಡಿ. ಆ ತುಂಡು ಚಾರ್ಜಿನಲ್ಲಿ ಕೊನೆಯ ಹಂತ ಯಾವತ್ತೂ ಬರುವುದಿಲ್ಲ, ಸೆಲ್ಲುಗಳು ಸಮವಾಗುವುದು ಆ ಕೊನೆಯ ಹಂತದಲ್ಲೇ.

ರಾತ್ರಿ ಕರೆಂಟ್ ಹೋಗಿ ಬಂದರೆ ಕೆಲವು ಚಾರ್ಜರ್ ತಾನಾಗಿ ಮತ್ತೆ ಶುರುವಾಗುತ್ತವೆ, ಕೆಲವು ಆಗುವುದಿಲ್ಲ. ನಿಮ್ಮದು ಯಾವುದೆಂದು ಒಮ್ಮೆ ಸ್ವಿಚ್ ಆಫ್ ಮಾಡಿ ಹಾಕಿ ಪರೀಕ್ಷಿಸಿಕೊಳ್ಳಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಚಾರ್ಜರಿನ ಹಸಿರು ದೀಪ ನೋಡುವುದು ಡ್ರೈವರಿನ ಕೆಲಸವಾಗಬೇಕು.

ಚಾರ್ಜರಿನ ಆಂಪಿಯರ್ ಬ್ಯಾಟರಿಯ 20 ಗಂಟೆಯ ಸಾಮರ್ಥ್ಯದ ಶೇ. 10ರಿಂದ 13 ಇರಲಿ. 170 ಆಂಪಿಯರ್ ಅವರಿಗೆ 17ರಿಂದ 22 ಆಂಪಿಯರ್. ಎಕ್ಸ್‌ಟೆನ್ಶನ್ ಬಳಸಲೇಬೇಕಾದರೆ ಅರ್ಥ್ ಇರುವ ಮೂರು ಎಳೆಯ, 2.5 ಚದರ ಮಿಲಿಮೀಟರಿನ ತಂತಿ, 16 ಆಂಪಿಯರ್ ಪ್ಲಗ್. ತೆಳು ತಂತಿಯ ಪ್ಲಗ್ ಪಾಯಿಂಟ್ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಬಿಸಿಲು ಬ್ಯಾಟರಿಯ ದೊಡ್ಡ ಶತ್ರು. 25 ಡಿಗ್ರಿಗಿಂತ ಮೇಲೆ ಸದಾ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಇದ್ದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡುವ ಬದಲು, ಗಾಡಿ ತಣಿದ ಮೇಲೆ ರಾತ್ರಿ ಮಾಡಿ.

ರಜೆಯಲ್ಲೋ ಮಳೆಗಾಲದಲ್ಲೋ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಪೂರ್ತಿ ಚಾರ್ಜ್ ಮಾಡಿ, ‘ಟೋ’ಗೆ ಹಾಕಿ, ಮುಖ್ಯ ನೆಗೆಟಿವ್ ಬಿಚ್ಚಿಡಿ. ತಿಂಗಳಿಗೊಮ್ಮೆ ಅಳೆದು 49.5ಕ್ಕೆ ಇಳಿದಿದ್ದರೆ ಮತ್ತೆ ತುಂಬಿಸಿ. ಹೊಸ ಸೆಟ್ ಆದರೆ ಮೊದಲ ಎರಡು ಮೂರು ತಿಂಗಳು ದೂರದ ಸುತ್ತು ಕಡಿಮೆ ಮಾಡಿ. ಹೊಸ ಬ್ಯಾಟರಿ ಪೂರ್ತಿ ಸಾಮರ್ಥ್ಯಕ್ಕೆ ಬರಲು 50ರಿಂದ 100 ಸಲ ಚಾರ್ಜ್ ಆಗಬೇಕು.

## ಹಂತ 8: ಖರ್ಚಿನ ಲೆಕ್ಕ

ಒಂದು ನೋಟುಪುಸ್ತಕದಲ್ಲಿ ದಿನಕ್ಕೊಂದು ಸಾಲು: ದಿನಾಂಕ, ಓಡಿದ ಕಿಲೋಮೀಟರ್, ಸಂಜೆಯ ವೋಲ್ಟ್, ಎನರ್ಜಿ ಮೀಟರಿನ ಯೂನಿಟ್, ಬೆಳಗಿನ ವೋಲ್ಟ್, ಹಾಕಿದ ನೀರು. ಮೂರು ತಿಂಗಳ ಸಾಲು ಕೂಡಿದರೆ ಗಾಡಿಯ ಆರೋಗ್ಯವೂ ಖರ್ಚೂ ಎರಡೂ ಕಾಣುತ್ತವೆ.

ಕೆಳಗಿನ ಬೆಲೆಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ನಿಮ್ಮ ಕರೆಂಟ್ ಬಿಲ್ಲಿನ ದರ, ನಿಮಗೆ ಸಿಕ್ಕ ಕೊಟೇಶನ್ ಹಾಕಿಕೊಳ್ಳಿ.

ದಿನಕ್ಕೆ 20 ಕಿ.ಮೀ., ವರ್ಷಕ್ಕೆ 300 ದಿನ, ಅಂದರೆ 6,000 ಕಿ.ಮೀ. ಗೋಡೆಯ ಪ್ಲಗ್ಗಿನಿಂದ ದಿನಕ್ಕೆ 4 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ: ವರ್ಷಕ್ಕೆ 9,600 ರೂ. ಡಿಸ್ಟಿಲ್ಡ್ ವಾಟರಿಗೆ 1,000. ಟೈರು, ಬ್ರೇಕ್, ಸಣ್ಣಪುಟ್ಟ ರಿಪೇರಿಗೆ 10,000. ಬ್ಯಾಟರಿ ಸೆಟ್ 90,000, ಹಳೆಯದನ್ನು ತೂಕಕ್ಕೆ ಕೊಟ್ಟಾಗ 15,000 ವಾಪಸ್, ಉಳಿದದ್ದು 75,000.

ಸೆಟ್ ನಾಲ್ಕು ವರ್ಷ ಬಂದರೆ ಬ್ಯಾಟರಿಯ ಪಾಲು ವರ್ಷಕ್ಕೆ 18,750. ಒಟ್ಟು 39,350 ರೂ., ಕಿಲೋಮೀಟರಿಗೆ ಸುಮಾರು 6 ರೂಪಾಯಿ 56 ಪೈಸೆ. ಎರಡೇ ವರ್ಷಕ್ಕೆ ಹೋದರೆ ಬ್ಯಾಟರಿಯ ಪಾಲು 37,500. ಒಟ್ಟು 58,100, ಕಿಲೋಮೀಟರಿಗೆ 9 ರೂಪಾಯಿ 68 ಪೈಸೆ. ಕರೆಂಟ್ ಬಿಲ್ ಉಳಿಸಲು ಚಾರ್ಜನ್ನು ಬೇಗ ನಿಲ್ಲಿಸುವ ಮ್ಯಾನೇಜರುಗಳು ಈ ಎರಡು ಸಾಲು ನೋಡಬೇಕು. ವರ್ಷವಿಡೀ ಉರಿಸಿದ ಕರೆಂಟಿನ ಸುಮಾರು ಎರಡು ಪಟ್ಟು ಹಣ ಬ್ಯಾಟರಿ ಬೇಗ ಸತ್ತದ್ದರಿಂದಲೇ ಹೋಗುತ್ತಿದೆ.

ಕಿಲೋಮೀಟರಿಗೆ ತಗಲುವ ಯೂನಿಟ್ ಏರುತ್ತಾ ಹೋದರೆ ಮೊದಲು ಚಕ್ರದ ಕಡೆ ನೋಡಿ. ಟೈರಿನ ಗಾಳಿ, ಬಿಡದೆ ಹಿಡಿದಿರುವ ಬ್ರೇಕ್ ಶೂ, ಬಿಸಿಯಾಗುವ ಟರ್ಮಿನಲ್. ಹ್ಯಾಂಡ್‌ಬ್ರೇಕ್ ಬಿಟ್ಟು ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಕೈಯಿಂದ ತಳ್ಳಿ ನೋಡಿದರೆ ಬ್ರೇಕ್ ಹಿಡಿದಿದೆಯೇ ಎಂದು ಕೂಡಲೇ ಗೊತ್ತಾಗುತ್ತದೆ. ಕಿಲೋಮೀಟರಿಗೆ ಯೂನಿಟ್ ಅಷ್ಟೇ ಇದ್ದು ಒಂದು ಚಾರ್ಜಿಗೆ ಓಡುವ ದೂರ ಮಾತ್ರ ಕುಗ್ಗಿದ್ದರೆ ಆಗ ಬ್ಯಾಟರಿ.

## ಅಪಾಯದ ಲಕ್ಷಣಗಳು

ಕೊಳೆತ ಮೊಟ್ಟೆಯ ವಾಸನೆ: ಯಾವುದೋ ಸೆಲ್ ಅತಿಯಾಗಿ ಕುದಿಯುತ್ತಿದೆ. ಗಾಡಿಯ ಪ್ಲಗ್ ಕೀಳಬೇಡಿ, ಕಿಡಿ ಹಾರಬಹುದು. ಗೋಡೆಯ ಸ್ವಿಚ್ ಅಥವಾ ಎಂಸಿಬಿ ಆಫ್ ಮಾಡಿ, ಗಾಳಿಯಾಡಲು ಬಿಟ್ಟು ದೂರ ನಿಲ್ಲಿ.

ಬ್ಯಾಟರಿಯ ಹೊಟ್ಟೆ ಉಬ್ಬಿದೆ, ಪೆಟ್ಟಿಗೆ ಬಿರಿದಿದೆ: ಆ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು.

ಚಾರ್ಜರ್ ಹದಿನಾಲ್ಕು ಗಂಟೆಯಾದರೂ ನಿಲ್ಲುವುದಿಲ್ಲ, ಸೆಟ್ 56 ವೋಲ್ಟ್ ದಾಟುವುದೇ ಇಲ್ಲ: ಒಂದು ಸೆಲ್ ಶಾರ್ಟ್ ಆಗಿರಬಹುದು ಅಥವಾ ಚಾರ್ಜರೇ ಸೋತಿರಬಹುದು. ಹೈಡ್ರೋಮೀಟರ್ ತೀರ್ಮಾನ ಹೇಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಖಾಲಿ ಗಾಡಿ ಒಂದೇ ಗಂಟೆಯಲ್ಲಿ ಹಸಿರು ದೀಪ ತೋರಿಸಿದರೆ ಸೆಟ್ ಸಲ್ಫೇಟ್ ಕಟ್ಟಿ ಚಾರ್ಜ್ ಹಿಡಿಯುತ್ತಿಲ್ಲ.

ಚಾರ್ಜರ್ ಶುರುವೇ ಆಗುವುದಿಲ್ಲ: ಸೆಟ್ ತೀರ ಕೆಳಗಿಳಿದಾಗ ಎಷ್ಟೋ ಚಾರ್ಜರ್ ಬ್ಯಾಟರಿಯನ್ನು ಗುರುತಿಸುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಒಂದೊಂದನ್ನೂ ಬಿಡಿಯಾಗಿ ಚಾರ್ಜ್ ಮಾಡಿಸಿ ತನ್ನಿ, ಆಮೇಲೆ ಹಂತ 2ರಿಂದ ಶುರು ಮಾಡಿ.

## ಹಂತ 9: ಬದಲಾಯಿಸುವಾಗ

ಸೆಟ್ಟಿಗೆ ಆರೆಂಟು ತಿಂಗಳಷ್ಟೇ ಆಗಿದ್ದು ಒಂದು ಬ್ಯಾಟರಿ ಹೋಗಿದ್ದರೆ ಅದೊಂದನ್ನೇ, ಅದೇ ಕಂಪನಿಯ ಅದೇ ಮಾದರಿಯದನ್ನು ಹಾಕಬಹುದು. ವಾರಂಟಿ ಕೇಳುವಾಗ ನಿಮ್ಮ ನೋಟುಪುಸ್ತಕದ ಗ್ರಾವಿಟಿ ಅಂಕಿಗಳು ಕೆಲಸಕ್ಕೆ ಬರುತ್ತವೆ. ಎರಡು ವರ್ಷದ ಸೆಟ್ಟಿಗೆ ಒಂದು ಹೊಸದನ್ನು ಸೇರಿಸುವುದು ಎಳೆಯ ಹೋರಿಯನ್ನು ಮುದಿ ಎತ್ತಿನ ಜೊತೆ ನೊಗಕ್ಕೆ ಕಟ್ಟಿದಂತೆ. ಹಳೆಯವು ಬೇಗ ಖಾಲಿಯಾಗುತ್ತವೆ, ಅವನ್ನು ತುಂಬಿಸಲು ಹೊರಟ ಚಾರ್ಜರ್ ಹೊಸದನ್ನು ಕುದಿಸುತ್ತದೆ, ಒಂದು ವರ್ಷದಲ್ಲಿ ಅದೂ ಹಳೆಯವರ ಸಾಲಿಗೆ ಬರುತ್ತದೆ. ಅಂಥ ಸೆಟ್ಟನ್ನು ಒಟ್ಟಿಗೆ ಬದಲಾಯಿಸಿ. ಕಾರು, ಟ್ರ್ಯಾಕ್ಟರ್ ಬ್ಯಾಟರಿಯನ್ನು ಅಗ್ಗವೆಂದು ಕೂರಿಸಬೇಡಿ. ಅವುಗಳ ತೆಳು ಪ್ಲೇಟು ಎಂಜಿನ್ ಸ್ಟಾರ್ಟ್ ಮಾಡಲು ಸರಿ, ದಿನವೂ ಅರ್ಧ ಖಾಲಿಯಾಗುವುದನ್ನು ತಾಳುವುದಿಲ್ಲ.

ಲಿಥಿಯಂ ಹಾಕಿಸಬೇಕೇ? ಈ ಗಾಡಿಗಳಿಗೆ ಬರುವುದು ಲಿಥಿಯಂ ಐರನ್ ಫಾಸ್ಫೇಟ್, 16 ಸೆಲ್, 51.2 ವೋಲ್ಟ್. ನೀರಿಲ್ಲ, ಪುಡಿ ಕಟ್ಟುವುದಿಲ್ಲ, 8 ವೋಲ್ಟಿನ ಆರರ ಸೆಟ್ 170 ಕೆ.ಜಿ. ದಾಟಿದರೆ ಇದು 50 ಕೆ.ಜಿ. ಆಸುಪಾಸು. ತುಂಡು ಚಾರ್ಜಿನಿಂದ ಹಾನಿಯಿಲ್ಲ. ಚಾರ್ಜರ್ ಸಮೇತ 1,80,000 ಆಗಿ 8 ವರ್ಷ ಬಂತು ಎಂದು ಹಿಡಿದರೆ ವರ್ಷಕ್ಕೆ 22,500. ಕರೆಂಟ್ ದಿನಕ್ಕೆ 3.3 ಯೂನಿಟ್ಟಿನಂತೆ 7,920, ರಿಪೇರಿ 10,000. ಕಿಲೋಮೀಟರಿಗೆ 6 ರೂಪಾಯಿ 74 ಪೈಸೆ. ಚೆನ್ನಾಗಿ ನೋಡಿಕೊಂಡ ಲೆಡ್ ಆಸಿಡ್ಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಈ ಲೆಕ್ಕದ ಫಲ. ಎರಡು ಪಾಳಿ ಓಡುವ ಗಾಡಿ, ಏರು ಹೆಚ್ಚಿರುವ ಜಾಗ, ಅಥವಾ ನೀರು ನೋಡುವ ಒಬ್ಬ ಜವಾಬ್ದಾರಿಯ ಕೆಲಸಗಾರ ಸಿಗದ ಕಡೆ ಲಿಥಿಯಂ ಹಾಕಿಸಿ. ದಿನಕ್ಕೆ ನಾಲ್ಕು ಸುತ್ತು ಓಡಿ ನಿಲ್ಲುವ ಗಾಡಿಗೆ ಅಷ್ಟು ಹಣ ಸುರಿಯುವ ಅಗತ್ಯ ಕಾಣುವುದಿಲ್ಲ.

ಹಾಕಿಸುವುದಾದರೆ ಮೂರು ಪ್ರಶ್ನೆ ಕೇಳಿ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಹಳೆಯ ಚಾರ್ಜರ್ ಬದಲಾಗುತ್ತದೆಯೇ? ಲೆಡ್ ಆಸಿಡ್ ಚಾರ್ಜರಿನ ಈಕ್ವಲೈಸ್ ವೋಲ್ಟೇಜ್ ಲಿಥಿಯಂಗೆ ಹೆಚ್ಚು, ಈ ಸೆಟ್ಟಿಗೆ ಮೇಲಿನ ಮಿತಿ 58.4. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಸತತವಾಗಿ ಎಷ್ಟು ಆಂಪಿಯರ್ ಕೊಡುತ್ತದೆ, ಗಾಡಿಯ ಕಂಟ್ರೋಲರ್ (ಮೋಟಾರಿನ ಕರೆಂಟ್ ನಿಯಂತ್ರಿಸುವ ಪೆಟ್ಟಿಗೆ) ಏರಿನಲ್ಲಿ ಎಳೆಯುವಷ್ಟಕ್ಕೆ ಅದು ಸಾಲುತ್ತದೆಯೇ? ಸಾಲದಿದ್ದರೆ ಜನ ತುಂಬಿದ ಗಾಡಿ ಏರಿನ ನಡುವೆ ಒಮ್ಮೆಲೇ ಕರೆಂಟ್ ಕಡಿದು ನಿಲ್ಲುತ್ತದೆ. ಬ್ಯಾಟರಿ ಮಟ್ಟ ತೋರಿಸುವ ಮೀಟರ್ ಬದಲಾಗುತ್ತದೆಯೇ? ಲಿಥಿಯಂ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದ ಕಾರಣ ಹಳೆಯ ಮೀಟರ್ ಸದಾ ತುಂಬಿದೆ ಎಂದೇ ಹೇಳುತ್ತಿರುತ್ತದೆ.

ಹಳೆಯ ಸೆಟ್ಟನ್ನು ಗುಜರಿಯವರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಅದು ಕಸದ ಜೊತೆ ಸೇರದೆ ಅಧಿಕೃತ ಸಂಗ್ರಹಕಾರರಿಗೋ ಮರುಬಳಕೆದಾರರಿಗೋ ಹೋಗಬೇಕು. ಹೊಸದು ಕೊಡುವ ಡೀಲರ್ ಹತ್ತಿರವೇ ವಾಪಸ್ ಕೊಡುವುದು ಸುಲಭ. ಕೊಡುವ ಮೊದಲು ಆಸಿಡ್ ಚೆಲ್ಲಿ ಖಾಲಿ ಮಾಡಬೇಡಿ. ಬ್ಯಾಟರಿಗಳನ್ನು ನಿಮ್ಮ ಎದುರಿಗೇ ತೂಕ ಹಾಕಿಸಿ, ಕಿಲೋ ದರ ಮತ್ತು ತೂಕ ಎರಡನ್ನೂ ಹೊಸ ಸೆಟ್ಟಿನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಸಿಕೊಳ್ಳಿ.